ವಾಲಿದ ಗೂಟದ ಅರಿಕೆ

ಚಾಮರಾಜನಗರದಲ್ಲಿರುವ ಮಾನ್ಯ ಭೂವಿಜ್ಞಾನಿ ಕಾವ್ಯಶ್ರೀ ಅವರ ಸನ್ನಿಧಾನಕ್ಕೆ,

ವಿಷಯ: ಕ್ವಾರಿಯ ಗೂಟವನ್ನು ನಂಬಬಾರದೆಂಬುದರ ಬಗ್ಗೆ.

ಮಾನ್ಯರೇ, ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮೂರ ಮುಚ್ಚಿದ ಕರಿಕಲ್ಲು ಕ್ವಾರಿಯಲ್ಲಿ ಅಂತರ್ಜಲ ಏರುತ್ತಿರುವುದರಿಂದ ಇಳಿಜಾರು ಜರುಗುತ್ತಿದೆಯೇ ಎಂದು ತಿಳಿಯಲು ತಾವು ಅಂಚಿನಲ್ಲಿ ಕಲ್ಲಿನ ಗೂಟ ನೆಡಿಸಿದ್ದೀರಿ. ಅದು ವಾಲದ ಕಾರಣ ಕೆಳಗಿನ ದಾರಿ ಸುರಕ್ಷಿತವೆಂದು ಸಾರಿದ್ದೀರಿ. ತಮ್ಮ ಮಾತು ನಂಬಿ ಜನ ಅಲ್ಲಿಯೇ ಹೊಲಕ್ಕೆ ನಡೆಯುತ್ತಿದ್ದಾರೆ.

ಗೂಟ ವಾಲುತ್ತಿದೆ, ತಾಯಿ. ಅದನ್ನು ಮಾದಪ್ಪನೆಂದು ನಂಬಿದ ನನ್ನ ಪತ್ನಿ ಗುರುಮಲ್ಲಮ್ಮ ಪ್ರತಿ ಸೋಮವಾರ ವಿಭೂತಿ ಬಳಿದು, ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ಮೆತ್ತಿ ಬರುತ್ತಾಳೆ. ನಿನ್ನೆ ಕಣ್ಣಾರೆ ಕಂಡು ಗದರಿದೆ.

"ದೇವ್ರು ವಾಲ್ಕಂಡಿದ್ರೆ ನೋಡ್ಕಂಡು ಸುಮ್ಕಿರಕಾದದಾ? ನೀವು ಓಗಿ, ಅರ್ಜಿ ಬರ್ಕಂಡು ಕೂತ್ಕಳಿ" ಎಂದಳು.

ಹೇಳಿ ಹೇಳಿ ಸೋತು, ಬರೆಯುತ್ತಿದ್ದೇನೆ. ದಾರಿಯನ್ನು ಕೂಡಲೇ ಮುಚ್ಚಿಸಬೇಕು. ಹೊಸ ಗೂಟ ಕಬ್ಬಿಣದ್ದಾಗಿರಲಿ. ಕಲ್ಲಿನದಾದರೆ ಮತ್ತೆ ಪೂಜೆಯಾಗುತ್ತದೆ.

ಹಳೆಯ ಗೂಟವನ್ನು ಎಸೆಯದೆ, ದಯಮಾಡಿ ನಮ್ಮ ಹಿತ್ತಲಿಗೆ ಕಳುಹಿಸಿಕೊಡಿ. ಇಲ್ಲವಾದರೆ ಮುಂದಿನ ಸೋಮವಾರ ಅವಳು ದೇವರನ್ನು ಹುಡುಕಿಕೊಂಡು ಆ ಅಂಚಿಗೇ ಹೋಗುತ್ತಾಳೆ. ಹಿಡಿದು ನಿಲ್ಲಿಸುವ ತ್ರಾಣ ನನ್ನಲ್ಲಿ ಉಳಿದಿಲ್ಲ.

ತಮ್ಮ ಕ್ರಮವನ್ನು ಎದುರು ನೋಡುತ್ತಿರುವ,
ಮರಿಮಲ್ಲಪ್ಪ
ಗುಂಡ್ಲುಪೇಟೆ ತಾಲ್ಲೂಕು