ಒಂಬತ್ತು ಕಂತಿನ ಈದ್

ಆಳಂದ, ಫೆಬ್ರುವರಿ ಮೂವತ್ತು, 2191

ಮಾಬೂಬಿ ಆಯಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಹಜರತ್‌ಬಿ ನದಾಫ ಮಾಡುವ ಸಲಾಮು. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಇಲ್ಲದ ಎರಡು ದಿನಗಳನ್ನು ನಾವು ಫೆಬ್ರುವರಿಗೆ ಕೊಟ್ಟಿದ್ದೇವೆ. ಪಾಪ, ಬಹಳ ವರ್ಷ ಅನ್ಯಾಯ ಸಹಿಸಿತ್ತು. ನನ್ನ ಕನ್ನಡ ನಿಮಗೆ ಸ್ವಲ್ಪ ಡೊಂಕಾಗಿ ಕೇಳಿಸೀತು, ಅದಕ್ಕೂ ಕ್ಷಮೆ ಇರಲಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಯಾರು ಯಾವಾಗ ತೀರಿಕೊಂಡರು, ಯಾವ ಚುನಾವಣೆ ಯಾರು ಗೆದ್ದರು, ಬಂಗಾರ ಎಷ್ಟಾಯಿತು ಎಂದು ಬರೆದರೆ ಅವರೇ ಕತ್ತರಿಸಿ ತೆಗೆಯುತ್ತಾರೆ. ಧಾರಾವಾಹಿಯ ಬಗ್ಗೆ ಬರೆಯಬಾರದು ಎಂಬ ನಿಯಮ ಮಾತ್ರ ಯಾರಿಗೂ ಹೊಳೆದಿಲ್ಲ. ನಾನು ಆ ಸಂದಿಯಲ್ಲಿ ಕೈ ಹಾಕಿದ್ದೇನೆ.

ನೀವು ಈಗ ನೋಡುತ್ತಿರುವ ಉರ್ದು ಧಾರಾವಾಹಿ, ಆ ‘ಅಮ್ಮಾಂ ಕಾ ಸಂದೂಕ್’, ನಮ್ಮ ಕಾಲದಲ್ಲೂ ಓಡುತ್ತಿದೆ. ತಾಯಿ ದುರ್ದಾನಾ ಒಂದು ಟ್ರಂಕು ಹಿಡಿದು ಗಂಡನ ಮನೆಗೆ ಬಂದವಳು, ಇಪ್ಪತ್ತೈದು ವರ್ಷ ಅತ್ತೆಯ ಬೈಗುಳ ನುಂಗಿದವಳು. ಮಗಳು ಅರೀಬಾ ಅದೇ ಟ್ರಂಕು ಹಿಡಿದು ಇನ್ನೊಂದು ಮನೆಗೆ ಹೋಗಿ ಅದೇ ಬೈಗುಳವನ್ನು ಹೊಸ ಸೋಫಾದ ಮೇಲೆ ಕೂತು ಕೇಳುವವಳು. ಒಟ್ಟು ಇಪ್ಪತ್ತೆಂಟು ಕಂತು. ನೂರಾ ನಾಲ್ಕು ಸಲ ಅಳು, ಹದಿನೇಳು ಕಪಾಳಮೋಕ್ಷ, ಕೈ ಜಾರಿ ಬಿದ್ದ ಚಹಾದ ಕಪ್ಪು ಒಂಬತ್ತು. ನಾನು ಎಣಿಸಿದ್ದೇನೆ, ಏಕೆಂದರೆ ನನ್ನ ಕಸುಬೇ ಅದು. ನಾನು ಬಾಯಿಗಾರ್ತಿ. ತೆರೆಯ ಪಕ್ಕ ನಿಂತು ಉರ್ದುವನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವವಳು. ಮನೆಯಲ್ಲಿ ನಮ್ಮದು ಕನ್ನಡ, ನಿಮ್ಮ ಹಾಗೆಯೇ. ಉರ್ದು ಕಲಿತದ್ದು ಪೂರಾ ಧಾರಾವಾಹಿಗಳಿಂದ. ಆದ್ದರಿಂದ ಉರ್ದುವಿನಲ್ಲಿ ಸೊಸೆಯನ್ನು ಹಂಗಿಸಬಲ್ಲೆ, ದೇವರ ಮುಂದೆ ಸೆರಗೊಡ್ಡಿ ಅಳಬಲ್ಲೆ, ಬದನೆಕಾಯಿ ಕೊಳ್ಳಲಾರೆ.

ಈ ಕಸುಬಿನ ಮೂಲ ಪುರುಷ ನೀವೇ ಆಯಿ. ನೀವು ರೊಟ್ಟಿ ತಟ್ಟುತ್ತಾ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ನೋಡುತ್ತಿದ್ದಿರಂತೆ. ಪಕ್ಕದ ಮನೆಯ ಶರಣಮ್ಮ ಗೋಡೆಯ ಆಚೆಯಿಂದ ಕತ್ತು ಚಾಚಿ, “ಏ ಮಾಬೂಬಿ, ಆ ಮುದಕಿ ಏನಂದ್ಳ ಬೇ?” ಎಂದು ಕೇಳುತ್ತಿದ್ದಳಂತೆ. “ಏನಂತಾಳ? ನಿಮ್ಮತ್ತಿ ಅನ್ನೂದನ್ನ ಅಂದ್ಳು, ಭಾಷಾ ಅಷ್ಟ ಛಲೋ ಅದ” ಎಂದಿರಂತೆ ನೀವು. ಆರು ತಲೆಮಾರು ದಾಟಿ ಬಂದ ಈ ಮಾತನ್ನು ನಾನು ಪ್ರತಿ ಕೂಟದ ಮೊದಲು ಹೇಳುತ್ತೇನೆ. ಇವತ್ತಿಗೂ ಜನ ನಗುತ್ತಾರೆ.

ಕೂಟ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಮಾತು ಮುಗಿದ ಮೇಲೆ, ಮದುವೆಗೆ ಮೊದಲು, ಎರಡೂ ಮನೆಯವರು ಹದಿನಾಲ್ಕು ಸಂಜೆ ಒಟ್ಟಿಗೆ ಕೂತು ಈ ಧಾರಾವಾಹಿ ನೋಡಬೇಕು. ಜಾತಿಮತದ ಪ್ರಶ್ನೆ ಇಲ್ಲ. ಶರಣಮ್ಮನ ವಂಶದವರೂ ಲಗ್ನಪತ್ರಿಕೆಗೆ ಮುಂಚೆ ನನ್ನನ್ನೇ ಕರೆಯುತ್ತಾರೆ. ಅಂಗಳದಲ್ಲಿ ನೆರಳುತೆರೆ ಕಟ್ಟುತ್ತಾರೆ. ಅದು ಹಗಲಿಗೆ ಬಿಸಿಲು ತಡೆಯುವ, ಸಂಜೆಗೆ ಚಿತ್ರ ಮೂಡಿಸುವ ಬಟ್ಟೆ. ಬಾಗಿಲಲ್ಲಿ ಒಂದು ತಟ್ಟೆ ಇಟ್ಟಿರುತ್ತದೆ. ಎಲ್ಲರೂ ಚಪ್ಪಲಿ ಬಿಟ್ಟ ಹಾಗೆ ಕಿವಿಬೀಜ ತೆಗೆದು ಅದರಲ್ಲಿ ಹಾಕಬೇಕು. ಕಿವಿಬೀಜ ಯಾವ ಭಾಷೆಯನ್ನಾದರೂ ಕಿವಿಯೊಳಗೇ ತಿಳಿಸುವ ಕಾಳಿನಂಥ ಯಂತ್ರ. ಅದಿದ್ದರೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಅರ್ಥ ಮಾಡಿಕೊಂಡು ಸುಮ್ಮನೆ ಕೂರುತ್ತಾರೆ, ಜಗಳವೇ ಆಗುವುದಿಲ್ಲ. ಜಗಳವಾಗದಿದ್ದರೆ ಕೂಟ ಯಾತಕ್ಕೆ? ಯಾರು ಬೇಕಾದರೂ ಕೈ ಎತ್ತಿ ಚಿತ್ರ ನಿಲ್ಲಿಸಬಹುದು. ಆದರೆ ಒಂದು ಕಟ್ಟು ಇದೆ. ಗಂಡಿನ ಕಡೆಯವರು ಸೊಸೆಯ ಪರವಾಗಿಯೇ ವಾದಿಸಬೇಕು, ಹೆಣ್ಣಿನ ಕಡೆಯವರು ಅತ್ತೆಯ ಪರವಾಗಿ. ಹೆಣ್ಣಿನ ತಾಯಿ ಎದ್ದು ನಿಂತು, “ಪಾಪ, ಮುದಕಿಗೆ ಮೊಣಕಾಲ ನೋವದ, ಅದಕ್ಕ ಸಿಟ್ಟ” ಎಂದು ಹಲ್ಲು ಕಚ್ಚಿಕೊಂಡು ಹೇಳುವುದನ್ನು ನೀವು ನೋಡಬೇಕಿತ್ತು ಆಯಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹತ್ತೊಂಬತ್ತನೆಯ ಕಂತಿನಲ್ಲಿ ಅರೀಬಾ ಅಳುತ್ತಾ ತಾಯಿಗೆ ಫೋನು ಮಾಡುತ್ತಾಳೆ. ತಾಯಿ ಹೇಳುವುದು ಇಷ್ಟೇ: ಬಾಗಿಲು ತೆರೆದಿದೆ, ಬಾ. ಆದರೆ ನಮ್ಮ ಮನೆತನದಲ್ಲಿ ಹೇಳುತ್ತಾ ಬಂದದ್ದು: “ತಾಳಿಕೊ ಮಗಳೆ, ಎಲ್ಲಾ ಸರಿ ಹೋಗ್ತದ.” ನಾನು ಹೇಳುವುದನ್ನು ಮೊದಲು ಕಲಿತೆ, ಉರ್ದು ಆಮೇಲೆ ಬಂತು. ಆಗ ನಿಜ ತಿಳಿಯಿತು. ಆದರೂ ಬದಲಿಸಲಿಲ್ಲ. ಮದುವೆಯ ಮನೆಯಲ್ಲಿ ತವರಿಗೆ ವಾಪಸ್ ಬರುವ ಮಾತೇಕೆ ಎಂದುಕೊಂಡೆ. ಉರ್ದು ಬಲ್ಲ ಹಿರಿಯರು ಮೀಸೆಯೊಳಗೆ ನಕ್ಕು ಸುಮ್ಮನಾದರು. ಅವರಿಗೂ ಅದೇ ಬೇಕಿತ್ತು. ತೊಂದರೆ ಎಂದರೆ ಇಪ್ಪತ್ತನೆಯ ಕಂತಿನಲ್ಲಿ ಅರೀಬಾ ತವರಿನ ಮಂಚದ ಮೇಲೆ ಕೂತಿರುತ್ತಾಳೆ! ಅದಕ್ಕೆ ನಾನು, “ಈದ್‌ಗೆ ಬಂದಾಳ್ರಿ” ಎನ್ನುತ್ತಿದ್ದೆ. ಅವಳು ಕೊನೆಯವರೆಗೂ ಹೋಗುವುದೇ ಇಲ್ಲ. ಹೀಗೆ ಮೂವತ್ತೊಂದು ವರ್ಷ, ಇನ್ನೂರ ಹನ್ನೆರಡು ಮದುವೆಗಳಲ್ಲಿ, ಒಂಬತ್ತು ಕಂತಿನಷ್ಟು ಉದ್ದದ ಈದ್ ಆಚರಿಸಿದ ಏಕೈಕ ಹೆಂಗಸು ನಾನು.

ಕೆಲವು ತಿಂಗಳ ಹಿಂದೆ ನನ್ನ ಸ್ವಂತ ಮೊಮ್ಮಗಳು ಮುನೀರಾಳ ಕೂಟ ಬಂತು. ಗಂಡಿನ ಕಡೆಯವರು ಬೀದರಿನವರು, ಮನೆಮಾತು ಉರ್ದು. ಹತ್ತನೆಯ ಸಂಜೆ ಹತ್ತೊಂಬತ್ತನೆಯ ಕಂತು ಬಂದಾಗ ನಾನು ಎಂದಿನ ರಾಗದಲ್ಲಿ “ತಾಳಿಕೊ ಮಗಳೆ” ಎಂದೆ. ಗಂಡಿನ ತಾಯಿ ತಸ್ಕೀನ್ ಬೇಗಂ ಕೈ ಎತ್ತಿದರು. ಹಲ್ಲಿನ ನಡುವೆ ಸುಪಾರಿ ಇತ್ತು, ಅವಸರ ಮಾಡದೆ ಅಗಿದು ಮುಗಿಸಿದರು.

“ಹಜರತ್‌ಬೀ, ಆಕಿ ಹಂಗ ಅಂದೇ ಇಲ್ಲ. ಬಾ ಅಂದಾಳ. ನೀವು ತಾಳಿಕೊ ಅಂತೀರಿ.”

“ಬೀಗತ್ಯಾರ, ಮದುವಿ ಮನಿ ಅದ. ಶುಭದ ಮಾತ ಇರ್ಲಿ ಅಂತ…”

“ಬಾಗಲ ತೆರದದ ಅನ್ನೂದು ಅಶುಭ ಯಾವಾಗಿಂದ ಆತ್ರಿ?”

ಅಂಗಳದಲ್ಲಿ ನಲವತ್ತು ಜನ. ತಟ್ಟೆಯಲ್ಲಿದ್ದ ಕಿವಿಬೀಜಗಳು ಕೂಡ ಕೇಳಿಸಿಕೊಂಡ ಹಾಗಿತ್ತು. ಮುನೀರಾ ಎದ್ದು ನಿಂತಳು. ಹೆಣ್ಣಿನ ಕಡೆಯವಳು, ಅತ್ತೆಯ ಪರ ಮಾತಾಡಬೇಕಾದವಳು. “ಆಯಿ, ನಾಳಿ ನಾನೂ ಅಳ್ಕೋತ ಫೋನ್ ಹಚ್ಚಿದ್ರ, ಮಂದಿಗಿ ಏನಂತ ಹೇಳ್ತಿ? ಈದ್‌ಗೆ ಬಂದಾಳ ಅಂತೀಯೇನು?” ನನ್ನ ಬಾಯಿ ಒಣಗಿತು. ಬಾಯಿಯಿಂದಲೇ ಬದುಕಿದವಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವಳು ಅಲ್ಲಿಗೇ ಬಿಡಲಿಲ್ಲ. “ನೀ ಅದನ್ನ ಇದ್ದಂಗ ಹೇಳೂತನ ನಾ ನಿಕಾಹ್‌ಗೆ ಹೂಂ ಅನ್ನಂಗಿಲ್ಲ. ಹುಡುಗ ಛಲೋ ಇದ್ದಾನ, ಅಂವನ ಮ್ಯಾಲ ತಕರಾರಿಲ್ಲ. ನನ್ನ ತಕರಾರ ನಿನ್ನ ಮ್ಯಾಲ ಅದ” ಎಂದಳು.

ಲಗ್ನ ನಿಂತೀತು ಎಂದು ನನ್ನ ಮಗ ತಲೆ ಮೇಲೆ ಕೈ ಹೊತ್ತ. ನಾನು ತಸ್ಕೀನ್ ಬೇಗಂ ಮುಖ ನೋಡಿದೆ. ಅವರು ನನಗೆ ಮಾತ್ರ ಕೇಳುವಂತೆ ಅಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದರು: “ಹೇಳ್ರಿ, ಅಂಜಬ್ಯಾಡ್ರಿ. ಸೊಸಿ ತವರಿನ ಬಾಗಲ ತೆರದದ ಅಂತ ಗೊತ್ತಿದ್ರ ಅತ್ತಿ ನಾಲಿಗಿ ತಾನಾಗೇ ಮೆತ್ತಗಾಗ್ತದ. ನನ್ನ ನಾಲಿಗಿ ನನಗ ಗೊತ್ತದ. ಅದಕ್ಕ ಒಂದು ಕಾವಲ ಬೇಕು.”

ಚಿತ್ರ ಹಿಂದಕ್ಕೆ ಓಡಿಸಿದರು. ದುರ್ದಾನಾ ಮತ್ತೆ ಫೋನು ಎತ್ತಿದಳು. ನಾನು ಹೇಳಿದೆ: “ಬಾಗಲ ತೆರದದ ಬೇ, ಬಾ.” ಮೂವತ್ತೊಂದು ವರ್ಷ ಗಂಟಲಲ್ಲಿದ್ದ ಮುಳ್ಳು ಹೊರಗೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ನಮ್ಮ ಓಣಿಯ ಬೀರಪ್ಪ ಮುತ್ಯಾ ಎದ್ದ. ಎಂಬತ್ತಾರರ ಈ ಮುದುಕ ಒಂದು ಕೂಟವನ್ನೂ ತಪ್ಪಿಸಿದವನಲ್ಲ. “ಹಂಗಾದ್ರ ಆಕಿ ಈದ್‌ಗೆ ಬಂದಿದ್ದಿಲ್ಲೇನ? ಈದ್ ಮುಗಿದ್ರೂ ಹೇಣ್ತಿನ್ನ ಕರಿಯಾಕ ಬರ್ಲಿಲ್ಲ ಅಂತ ಆಕಿ ಗಂಡಗ ನಾ ಮೂವತ್ತ ವರ್ಷ ಬೈದೀನಿ!” ಎಂದು ಕೂಗಿದ. ನಗು ಎದ್ದು ನೆರಳುತೆರೆ ಅಲುಗಿತು. ತಸ್ಕೀನ್ ಬೇಗಂಗೆ ಆಗಷ್ಟೇ ಬಾಯಿಗೆ ಹಾಕಿಕೊಂಡ ಇನ್ನೊಂದು ಸುಪಾರಿ ನೆತ್ತಿಗೇರಿತು, ಮುನೀರಾಳೇ ಓಡಿ ಹೋಗಿ ಬೆನ್ನು ತಟ್ಟಿದಳು. ಹದಿನಾರು ದಿನಕ್ಕೆ ನಿಕಾಹ್ ಆಯಿತು. ಹೂಂ ಎನ್ನುವ ಮೊದಲು ಅವಳು ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ಅಂದಳು.

ಸುದ್ದಿ ಹಬ್ಬಿತು. ನಾನು ಕಥೆ ಹೇಳಿ ಕೊಟ್ಟ ಇನ್ನೂರ ಹನ್ನೆರಡು ಮನೆಗಳ ಹೆಂಗಸರು, ಮೊಮ್ಮಕ್ಕಳಾದವರು ಸಹಿತ, “ನಮ್ಮ ಹತ್ತೊಂಬತ್ತನೇದು ನಮಗ ವಾಪಸ್ ಕೊಡು” ಎಂದು ಬಂದರು. ಈಗ ಪ್ರತಿ ಸಂಜೆ ಅದೊಂದೇ ಕಂತು ಹೇಳುತ್ತಿದ್ದೇನೆ. ಕೇಳಿದವರಲ್ಲಿ ಹನ್ನೊಂದು ಜನ ಸುಮ್ಮನೆ ನಾಲ್ಕು ದಿನ ತವರಿಗೆ ಹೋಗಿ, ಕಣ್ತುಂಬ ನಿದ್ದೆ ಮಾಡಿ, ತಲೆ ಎತ್ತಿಕೊಂಡು ವಾಪಸಾದರು. ಇಬ್ಬರು ವಾಪಸಾಗಲಿಲ್ಲ, ದಪ್ಪಗಾಗಿದ್ದಾರೆ. ಒಬ್ಬಾಕೆಗೆ ತವರೇ ಉಳಿದಿರಲಿಲ್ಲ. ಆಕೆಗೆ ನನ್ನ ಮನೆಯ ಬಾಗಿಲು ತೋರಿಸಿದ್ದೇನೆ.

ಆಯಿ, ಈ ತಪ್ಪು ಹೇಳಿಕೆ ಶುರುವಾದದ್ದು ನಿಮ್ಮಿಂದ. ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಮಗಳು ಶಬೀನಾ ಸೊಲ್ಲಾಪುರದಲ್ಲಿ ಇದ್ದಾಳೆ. ಮದುವೆಯಾಗಿ ಎರಡನೆಯ ವರ್ಷ. ಇವತ್ತು ಸಂಜೆ ನಿಮ್ಮ ಫೋನಿನಲ್ಲಿ ಹತ್ತೊಂಬತ್ತನೆಯ ಕಂತು ಬರುತ್ತದೆ. ಅವಳ ಕರೆಯೂ ಅದೇ ಹೊತ್ತಿಗೆ ಬರುತ್ತದೆ. ಶರಣಮ್ಮ ಗೋಡೆಯ ಆಚೆ ನಿಂತಿರುತ್ತಾಳೆ. ನಮಗೆ ಬಂದ ಕಥೆಯಲ್ಲಿ, ಅವಳೆದುರು ಮಗಳ ಸಂಸಾರ ಬಿಚ್ಚಬಾರದೆಂದು ನೀವು ಮಗಳಿಗೆ ತಾಳಿಕೊ ಅಂದಿರಿ. ಆಮೇಲೆ ಶರಣಮ್ಮ “ದುರ್ದಾನಾ ಏನಂದ್ಳು” ಎಂದು ಕೇಳಿದಾಗ ಅದನ್ನೇ ದುರ್ದಾನಾಳ ಬಾಯಲ್ಲೂ ಇಟ್ಟಿರಿ. ಆಮೇಲೆ ಶಬೀನಾಗೆ ಏನಾಯಿತೆಂದು ಬರೆದರೆ ಹಿಂದಂಚೆಯವರು ಕತ್ತರಿಸುತ್ತಾರೆ, ಬರೆಯುವುದಿಲ್ಲ. ಈ ಸಲ ಬೇರೆ ಮಾತು ಹೇಳಿ ಎಂದು ಲೆಕ್ಕ ನೋಡಿಯೇ ಕೇಳುತ್ತಿದ್ದೇನೆ: ನಾನು ನಿಮ್ಮ ಮಗನ ಸಂತಾನ, ಶಬೀನಾ ಸೊಲ್ಲಾಪುರದಲ್ಲಿದ್ದರೂ ಆಳಂದದಲ್ಲಿದ್ದರೂ ನಾನು ಹುಟ್ಟುವುದು ತಪ್ಪುವುದಿಲ್ಲ. ಹೋಗುವುದಿದ್ದರೆ ನನ್ನ ಒಂಬತ್ತು ಕಂತಿನ ಈದ್, ಬೀರಪ್ಪ ಮುತ್ಯಾನ ಕೂಗು, ಆ ಸಂಜೆಯ ನಗು ಹೋದಾವು. ಅದು ನನ್ನ ಬದುಕಿನ ಒಳ್ಳೆಯ ಸಂಜೆ. ಹೋಗಲಿ, ಕೊಡುತ್ತೇನೆ.

ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳಿ. ಶರಣಮ್ಮ ಕೇಳಿದರೆ ಕೇಳಲಿ, ಅವಳಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಫೋನು ಎತ್ತಿ, ಶಬೀನಾ ಬಾಯಿ ಬಿಡುವ ಮುಂಚೆಯೇ ಹೇಳಿಬಿಡಿ.