ಧಾನ್ಯವಿಲ್ಲದ ಚೀಲ

ತಂಗೀ,

ನೀನು ಕಣ್ಮುಚ್ಚಿ ಎಂಟು ತಿಂಗಳಾಯಿತು. ನಿನ್ನ ಬೆಕ್ಕು ಸಾಹೇಬ ನನ್ನ ಹತ್ತಿರವೇ ಇದ್ದಾನೆ. ಒಂದು ವಾರದಿಂದ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯುತ್ತಿದ್ದ. ಗಾಬರಿಯಾಗಿ ಇವತ್ತು ಅವನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ.

"ಸಕ್ಕರೆ ಕಾಯಿಲೆ ಅಜ್ಜೀ. ತಿನ್ನೋಕೆ ಏನು ಹಾಕ್ತೀರ?" ಎಂದಳು ಡಾಕ್ಟರಮ್ಮ.

ನಾನು ಜಂಬದಿಂದಲೇ ಒಣ ತಿಂಡಿಯ ಚೀಲ ತೆಗೆದು ತೋರಿಸಿದೆ. ಅದರ ಮೇಲೆ "ಧಾನ್ಯರಹಿತ" ಎಂದು ದಪ್ಪಕ್ಷರದಲ್ಲಿತ್ತು. ನಾನೂ ಅದೇ ಕಾಯಿಲೆಗೆ ಅನ್ನ ಬಿಟ್ಟವಳಲ್ಲವೇ, ಆ ಪದ ನೋಡಿಯೇ ಕೊಂಡಿದ್ದೆ.

ಅವಳು ಚೀಲ ತಿರುಗಿಸಿ ಸಣ್ಣಕ್ಷರ ಓದಿದಳು. "ಧಾನ್ಯ ಇಲ್ಲ, ನಿಜ. ಅದರ ಬದಲು ಆಲೂಗಡ್ಡೆ, ಬಟಾಣಿ ತುಂಬಿದ್ದಾರೆ. ಅದೂ ಪಿಷ್ಟವೇ. ಬೆಕ್ಕಿಗೆ ಬೇಕಿರೋದು ಮಾಂಸ. ಬಟ್ಟಲು ತುಂಬ ಇದನ್ನೇ ಹಾಕಿ ಚೆನ್ನಾಗಿ ಕೊಬ್ಬಿಸಿದ್ದೀರಿ. ಊಟ ಬದಲಾಯಿಸಿ, ಸೂಜಿ ಹಾಕಿದ್ರೆ ಸುಧಾರಿಸಬಹುದು."

ನೀನು ಅವನಿಗೆ ಕೋಳಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ ಹಾಕುತ್ತಿದ್ದೆ. "ಗಂಡನಿಗೂ ಹೀಗೆ ಬಡಿಸಿದವಳಲ್ಲ ನೀನು" ಎಂದು ನಾನು ಫೋನಿನಲ್ಲೇ ಆಡಿಕೊಳ್ಳುತ್ತಿದ್ದೆ.

"ಇವನಾದ್ರೂ ಬಾಗಿಲಲ್ಲಿ ಕೂತು ನನ್ನ ದಾರಿ ಕಾಯ್ತಾನೆ ಅಕ್ಕಾ. ನೀನು ಯಾವಾಗ ಬರ್ತೀಯ?" ಎಂದು ನೀನು ಕೇಳುತ್ತಿದ್ದೆ.

ಮುಂದಿನ ವಾರ ಎನ್ನುತ್ತಿದ್ದೆ ನಾನು.

ಹೊಸ ತಿಂಡಿ ಬರುವ ತನಕ ಇರಲಿ ಎಂದು, ಡಾಕ್ಟರಮ್ಮ ಹೇಳಿದಷ್ಟೇ ಕೋಳಿಯನ್ನು ಉಪ್ಪಿಲ್ಲದೆ ಬೇಯಿಸಿ, ನಿನ್ನ ಹಾಗೆಯೇ ಬಿಡಿಸಿ ಹಾಕಿದೆ. ಸಾಹೇಬ ಬಟ್ಟಲು ನೆಕ್ಕಿ ಮುಗಿಸಿದ. ಆಮೇಲೆ ತಲೆಯೆತ್ತಿ ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದ. ಹೋಗಿ ಬಾಗಿಲಲ್ಲಿ ಕೂತ.

ನಾನೂ ಮೊಣಕಾಲು ಹಿಡಿದುಕೊಂಡು ಹೋಗಿ ಅವನ ಪಕ್ಕ ಕೂತಿದ್ದೇನೆ.

ನಿನ್ನ ಅಕ್ಕ