ತಮ್ಮ ಎಡಗಾಲಿನ ಚಪ್ಪಲಿಯ ವಿಚಾರ

ಪೂಜ್ಯ ಗುರುಗಳ ಪಾದಗಳಿಗೆ, ಸದ್ಯಕ್ಕೆ ಬರಿಯ ಪಾದಗಳಿಗೆ, ನಮಸ್ಕಾರಗಳು.

"ಮೊದ್ಲು ನಮ್ಮ ಟೈಪಿಸ್ಟ್ ಅಕ್ಕಂಗೆ ಅರ್ಥ ಮಾಡ್ಸು, ಆಮೇಲೆ ನಿನ್ ಪ್ರಬಂಧಕ್ಕೆ ಸಹಿ" ಎಂದಿದ್ದಿರಿ. ಅತಿಶೀತದಲ್ಲಿ ಎರಡು ಬಗೆಯ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ, ಬಿಸಿ ಮಾಡಿದರೆ ಮುರಿಯುತ್ತವೆ, ಬಿಸಿ ಮಾಡದಿದ್ದರೂ ಒಂದು ಬಗೆಯವು ಮಿತಿಮೀರಿದರೆ ಜೋಡಿಗಳೆಲ್ಲ ಒಮ್ಮೆಲೇ ಮುರಿಯುತ್ತವೆ ಎಂದೆ. ಅಕ್ಕ ಆಕಳಿಸಿದರು.

ಆದ್ದರಿಂದ ಅಕ್ಕ ನೋಡುತ್ತಿದ್ದಂತೆಯೇ, ಬಲಗಾಲಿನವು ಹೆಚ್ಚಾಗಲೆಂದು, ಪ್ರಯೋಗಶಾಲೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಎಡಗಾಲಿನವನ್ನು ಒಂದೊಂದಾಗಿ ಬಚ್ಚಿಟ್ಟೆ. ಐದು ಹೋದರೂ ಜನ ಸಿಕ್ಕಿದ್ದನ್ನು ಮೆಟ್ಟಿಕೊಂಡು ಚಹಾಕ್ಕೆ ಹೋದರು. ಆರನೆಯದು ತಮ್ಮದು. ತಾವು ಬರಿಗಾಲಲ್ಲಿ ಹೊರಟದ್ದೇ ತಡ, ಜೋಡಿಯಿದ್ದವರೂ ಕಳಚಿಟ್ಟು ಹಿಂಬಾಲಿಸಿದರು.

"ಅಯ್ಯೋ, ಬಿಸಿ ಮಾಡ್ದೇನೇ, ಬರೀ ಎಣಿಕೆ ಕೆಡ್ಸಿದ್ದಕ್ಕೇ ಹಿಂಗಾಯ್ತಲ್ಲೋ!" ಎಂದು ಅಕ್ಕ ಕೂಗಿದರು. ಪ್ರಬಂಧದಲ್ಲಿ ನಾನೂ ಇದನ್ನು ಇಷ್ಟು ಚೆನ್ನಾಗಿ ಬರೆದಿಲ್ಲ. ಅರ್ಥವಾಯಿತೆಂದು ಬರೆದೂ ಕೊಟ್ಟಿದ್ದಾರೆ.

ಪ್ರಬಂಧ ಮೇಜಿನ ಮೇಲಿದೆ, ಚಪ್ಪಲಿ ಕೆಳಗಿದೆ. ತಾವು ಮೊದಲು ಕೈ ಹಾಕುವುದು ಚಪ್ಪಲಿಗಾದರೆ, ನಾನು ಗೇಟಿನಾಚೆ ನಿಂತಿರುತ್ತೇನೆ.

ಓಡಲು ಸಿದ್ಧನಿರುವ,
ತಮ್ಮ ವಿಧೇಯ ಶಿಷ್ಯ